ಐದು ಐವತ್ತೆಂಟಕ್ಕೆ ಬಂದ ಫೋನು

ಹೋದ ತಿಂಗಳು ಒಂದು ಮದುವೆ ಮುಗಿಸಿಕೊಂಡು ತಿಪಟೂರಿಗೆ ವಾಪಸ್ಸಾಗಲು ದೊಡ್ಡ ಸ್ಟೇಷನ್ನಿನಲ್ಲಿ ಕೂತಿದ್ದೆ. ರೈಲು ಹೊರಡಲು ಹತ್ತೋ ಹದಿನೈದೋ ನಿಮಿಷ ಇದ್ದಾಗ ಮೈಕಿನಲ್ಲಿ ಹೆಣ್ಣುದನಿ ಕೇಳಿಸಿತು. ಈಗ ಅಲ್ಲಿ ಮನುಷ್ಯರು ಕೂತು ಮಾತಾಡುವುದಿಲ್ಲ. ಹಿಂದೆಂದೋ ಹಿಡಿದಿಟ್ಟ ಪದಗಳನ್ನು ಯಂತ್ರ ಜೋಡಿಸಿ ಹೇಳುತ್ತದೆ. ನಾವು ಕಾಯುತ್ತಿದ್ದ ರೈಲು ಬೇರೆ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಆ ದನಿ ಸಕ್ಕರೆಯಂತೆ ಹೇಳಿತು. ಜನ ದಡಬಡ ಎದ್ದರು. ಕೂಸನ್ನು ಎತ್ತಿಕೊಂಡವಳು, ಮೊಣಕಾಲು ಹಿಡಿದುಕೊಂಡ ಮುದುಕ, ಎರಡು ಚೀಲ ಎಳೆಯುತ್ತಿದ್ದ ಹೆಂಗಸು, ಎಲ್ಲರೂ ಓಡಿದರು. ನಾನು ಏಳಲಿಲ್ಲ. ಪಕ್ಕದಲ್ಲಿದ್ದ ಹುಡುಗಿ, "ಆಂಟಿ, ನಿಮ್ಮದೂ ಅದೇ ಟ್ರೈನ್ ಅಲ್ವಾ?" ಎಂದು ಕೇಳಿದಳು. ನಾನು ಕೂತೇ ಇದ್ದುದನ್ನು ನೋಡಿ ವಯಸ್ಸಾಯಿತು ಅಂದುಕೊಂಡಿರಬೇಕು. ಅದು ಸಿಟ್ಟು. ನಲವತ್ತು ವರ್ಷಕ್ಕೂ ಮಿಕ್ಕಿ ಆರದ ಸಿಟ್ಟು. ಆ ರೈಲನ್ನು ಬಿಟ್ಟು ಮುಂದಿನದಕ್ಕೆ ಹೋದೆ.

ದೊಡ್ಡ ಸ್ಟೇಷನ್ ಎಂದು ನಮ್ಮ ಕಡೆಯವರು ಕರೆಯುವ ಆ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಒಬ್ಬ ಮನುಷ್ಯ ಮಾಡಿದ್ದನ್ನು. ಇವತ್ತು ಅಲ್ಲಿ ದುಡಿಯುತ್ತಿರುವವರ ಮೇಲೆ ನನಗೇನೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ತಿಪಟೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಬಟ್ಟೆ ಸುತ್ತಿ ಬಂದ ಹಳೇ ಪತ್ರಿಕೆಯಲ್ಲಿ ದೊಡ್ಡ ಸ್ಟೇಷನ್ನಿಗೆ ಮೈಕಿನಲ್ಲಿ ಹೇಳುವವರು ಬೇಕಾಗಿದ್ದಾರೆ, ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಬರಬೇಕು, ಕೆಲಸ ತಾತ್ಕಾಲಿಕ ಎಂಬ ಜಾಹೀರಾತು ಸಿಕ್ಕಿತು. ಹೋದೆ. ಇಪ್ಪತ್ತು ಊರಿನ ಹೆಸರು ಓದಿಸಿದರು. ಅದರಲ್ಲಿ ತಿಪಟೂರೂ ಇತ್ತು. ಅದನ್ನು ಓದುವಾಗ ನಾನು ನಕ್ಕುಬಿಟ್ಟೆ. ಪರೀಕ್ಷೆ ಮಾಡುತ್ತಿದ್ದವರೂ ನಕ್ಕರು. ಕೆಲಸ ಸಿಕ್ಕಿತು. ಹತ್ತಿರದ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಹಿಡಿದೆ.

ಒಂದನೇ ಪ್ಲಾಟ್‌ಫಾರಂ ಮೇಲಿನ ಮಹಡಿಯಲ್ಲಿ ನಮ್ಮ ಕೋಣೆ. ಒಂದು ಮೇಜು, ಒಂದು ಮೈಕು, ಒಂದು ಫೋನು, ಗೋಡೆಗೆ ಗಡಿಯಾರ, ಮತ್ತು ಡೈರಿ. ಯಾವ ಸುದ್ದಿ ಎಷ್ಟು ಗಂಟೆಗೆ ಬಂತು, ಯಾರು ಹೇಳಿದರು, ಎಷ್ಟು ಗಂಟೆಗೆ ಮೈಕಿನಲ್ಲಿ ಹೇಳಿದೆವು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಕಿಟಕಿಯ ಗಾಜಿಗೆ ಎಂಜಿನ್ನಿನ ಮಸಿ ಹಿಡಿದಿರುತ್ತಿತ್ತು. ಸೆರಗಿನಿಂದ ಒರೆಸಿದರೆ ಕೆಳಗೆ ಇಡೀ ಸ್ಟೇಷನ್ನು ಕಾಣುತ್ತಿತ್ತು: ಮೀನಿನ ಬುಟ್ಟಿ, ವೀಳ್ಯದೆಲೆ ಪೆಂಡಿ, ಕಾಯಿ ಮೂಟೆ, ಟ್ರಂಕಿನ ಮೇಲೆ ಕೂತು ತೂಕಡಿಸುವವರು, ಕೆಂಪು ಅಂಗಿಯ ಪೋರ್ಟರುಗಳು. ನಾನು ಒಂದು ಮಾತು ಹೇಳಿದರೆ ಅಷ್ಟೂ ಜನ ತಲೆಯೆತ್ತುತ್ತಿದ್ದರು. ಇಪ್ಪತ್ತೆರಡು ವರ್ಷದ ನನಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಸಂಜೆ ಆರು ಹತ್ತಕ್ಕೆ ನಮ್ಮ ಕಡೆಗೆ ಒಂದು ಪ್ಯಾಸೆಂಜರ್. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಮಗಳ ಮನೆಗೆ ಬಂದವರು, ನಮ್ಮ ಮೂರು ತಾಲ್ಲೂಕಿನ ಜನವೆಲ್ಲ ಅದರಲ್ಲೇ ವಾಪಸ್ಸು. ಅದು ಯಾವಾಗಲೂ ಒಂದನೇ ಪ್ಲಾಟ್‌ಫಾರಂನಿಂದಲೇ ಹೊರಡುವುದು. ಶನಿವಾರ ನನ್ನ ಪಾಳಿ ಆರಕ್ಕೆ ಮುಗಿಯುತ್ತಿತ್ತು. ಆ ರೈಲಿನ ಸುದ್ದಿಯನ್ನು ನಾನೇ ಹೇಳಿ, ಮೆಟ್ಟಿಲಿಳಿದು, ಅದೇ ರೈಲು ಹತ್ತಿ ಊರಿಗೆ ಹೋಗುತ್ತಿದ್ದೆ.

ಅವತ್ತೂ ಶನಿವಾರ. ಆಷಾಢದ ಗಾಳಿ, ಸಣ್ಣ ಮಳೆ. ಮೈಕು ಬೆಳಗಿನಿಂದ ಗೊರಗೊರ ಅನ್ನುತ್ತಿತ್ತು, ಅದನ್ನು ನೋಡಲು ಖಲೀಲ್ ಸಾಹೇಬರು ಬಂದು ನೆಲದ ಮೇಲೆ ಕೂತಿದ್ದರು. ಅವರೂ ತಿಪಟೂರಿನವರೇ, ಸ್ಟೇಷನ್ನಿನ ಮೈಕುಗಳನ್ನು ರಿಪೇರಿ ಮಾಡುವ ಗುತ್ತಿಗೆ ಅವರದು. ನನ್ನ ಬ್ಯಾಗು ಕುರ್ಚಿಯ ಪಕ್ಕ ಸಿದ್ಧವಾಗಿತ್ತು. ಫೋನು ಹೊಡೆಯಿತು. ಆ ಹೊತ್ತಿನ ಡ್ಯೂಟಿಯಲ್ಲಿದ್ದ ಅಧಿಕಾರಿ. ಅವರನ್ನು ನಾವೆಲ್ಲ ಬರೀ ಸಾಹೇಬರು ಅನ್ನುತ್ತಿದ್ದೆವು.

"ಆರು ಹತ್ತರ ಪ್ಯಾಸೆಂಜರು ಒಂದರಿಂದ ಅಲ್ಲ, ಆರರಿಂದ ಹೊರಡುತ್ತೆ. ಹೇಳಿಬಿಡು."

ನಾನು ಗಡಿಯಾರ ನೋಡಿದೆ. ಐದು ಐವತ್ತೆಂಟು.

"ಸಾರ್, ಇನ್ನು ಹನ್ನೆರಡೇ ನಿಮಿಷ ಇದೆ. ಜನ ಎಲ್ಲ ಒಂದರಲ್ಲೇ ಕೂತಿದಾರೆ."

"ಹೇಳಿದ್ದನ್ನ ಹೇಳಮ್ಮ," ಎಂದು ಫೋನಿಟ್ಟರು.

ಯಾರೋ ದೊಡ್ಡ ಮನುಷ್ಯರ ಸ್ಪೆಷಲ್ ಡಬ್ಬಿ ಬರುವುದಿತ್ತು. ಒಂದನೇ ಪ್ಲಾಟ್‌ಫಾರಂ ಆದರೆ ಅವರ ಕಾರು ಡಬ್ಬಿಯ ಬಾಗಿಲಿನ ತನಕ ಬರುತ್ತಿತ್ತು. ಆ ಒಬ್ಬ ಮನುಷ್ಯ ಬ್ರಿಡ್ಜು ಹತ್ತಬಾರದು ಎಂದು ನಾನೂರು ಐನೂರು ಜನ ಹತ್ತಬೇಕಾಯಿತು. ಇದು ಆಮೇಲೆ ತಿಳಿದದ್ದು. ಆಗ ನಾನು ಡೈರಿಯಲ್ಲಿ ಸಮಯ ಬರೆದು ಮೈಕಿನ ಗುಂಡಿ ಒತ್ತಿ ಮೂರು ಭಾಷೆಯಲ್ಲೂ ಹೇಳಿದೆ. ಕೆಳಗೆ ಜನ ಎದ್ದ ಸದ್ದು ಗಾಜಿನೊಳಗೂ ಕೇಳಿಸಿತು. ಹಳಿ ದಾಟಬೇಡಿ, ಬ್ರಿಡ್ಜಿನ ಮೇಲೇ ಹೋಗಿ ಅಂತ ಒಂದು ಮಾತು ಸೇರಿಸಲೇ ಎಂದು ನಿಜವಾಗಿಯೂ ನನಗೆ ಹೊಳೆಯಿತು. ನಮಗೆ ಬರೆದುಕೊಟ್ಟ ಸಾಲುಗಳಲ್ಲಿ ಅದು ಇರಲಿಲ್ಲ. ಇರದ ಮಾತು ಆಡಿದರೆ ಬೈಗುಳ. ಗುಂಡಿಯಿಂದ ಬೆರಳು ತೆಗೆದೆ. ಆ ಬೆರಳನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಬ್ರಿಡ್ಜು ಕಿರಿದು, ಮಳೆಗೆ ಜಾರುತ್ತಿತ್ತು, ಮೆಟ್ಟಿಲ ಬುಡದಲ್ಲೇ ಜನ ಸಿಕ್ಕಿಕೊಂಡರು. ಹಲವರು ಪ್ಲಾಟ್‌ಫಾರಂನಿಂದ ಹಳಿಗೆ ಇಳಿದರು. ನಾವೂ ದಿನಾ ಹಾಗೇ ದಾಟುತ್ತಿದ್ದೆವು, ಸಾಹೇಬರೂ ದಾಟುತ್ತಿದ್ದರು. ಅವರು ಬ್ರಿಡ್ಜು ಹತ್ತಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಮೂರು ಮತ್ತು ನಾಲ್ಕನೇ ಪ್ಲಾಟ್‌ಫಾರಂಗಳ ನಡುವೆ ಖಾಲಿ ಡಬ್ಬಿಗಳನ್ನು ತಳ್ಳಿಕೊಂಡು ಒಂದು ಶಂಟಿಂಗ್ ಎಂಜಿನ್ನು ಬರುತ್ತಿತ್ತು. ಅದರ ಸೀಟಿ ಕೇಳಿತು, ಆಮೇಲೆ ಕೂಗಾಟ. ಖಲೀಲ್ ಸಾಹೇಬರು ಎದ್ದು ಕಿಟಕಿಗೆ ಬಂದು, "ನೋಡಬೇಡಮ್ಮ," ಎಂದು ನನ್ನನ್ನು ಹಿಂದಕ್ಕೆ ಸರಿಸಿದರು.

ಅವನ ಹೆಸರು ಸಿದ್ದಪ್ಪ. ಶೆಟ್ಟಿಕೆರೆಯವನು. ತೋಟಗಳಲ್ಲಿ ತೆಂಗಿನಮರ ಹತ್ತಿ ಕಾಯಿ ಕೀಳುವುದು ಅವನ ಕಸುಬು. ಹೆಂಡತಿ ಹೊನ್ನಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಅವತ್ತು ಬೆಳಿಗ್ಗೆ ಅವಳನ್ನು ಆಸ್ಪತ್ರೆಯಿಂದ ಬಿಟ್ಟಿದ್ದರು. ಹೊಲಿಗೆ ಇನ್ನೂ ಹಸಿ, ಬ್ರಿಡ್ಜು ಹತ್ತಿಸಲಾಗದು ಎಂದು ಅವಳನ್ನು ತೋಳಿನ ಮೇಲೆ ಎತ್ತಿಕೊಂಡು ಹಳಿ ದಾಟಿದ್ದ. ಎಂಜಿನ್ನು ಕಂಡಾಗ ಅವಳನ್ನು ಆಚೆ ಪ್ಲಾಟ್‌ಫಾರಂ ಕಟ್ಟೆಯ ಮೇಲಕ್ಕೆ ತಳ್ಳಿದ. ತಾನು ಹತ್ತುವಷ್ಟರಲ್ಲಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಇಷ್ಟಾದ ಮೇಲೆ ಆರು ಹತ್ತರ ರೈಲು ಹೊರಟಾಗ ಆರು ನಲವತ್ತಾಗಿತ್ತು. ಅಪಘಾತವಾಗದಿದ್ದರೂ, ಆ ಸ್ಪೆಷಲ್ ಡಬ್ಬಿ ಒಳಗೆ ಬಂದು ನಿಲ್ಲುವ ತನಕ ಪ್ಯಾಸೆಂಜರನ್ನು ಬಿಡುವ ಯೋಚನೆಯೇ ಯಾರಿಗೂ ಇರಲಿಲ್ಲವಂತೆ. ಓಡುವ ಅಗತ್ಯವೇ ಇರಲಿಲ್ಲ. ರೈಲು ಕಾಯುತ್ತದೆ, ನಿಧಾನವಾಗಿ ಬನ್ನಿ ಎಂದು ಹೇಳಲು ಒಂದು ಫೋನು ಸಾಕಿತ್ತು. ಆ ಫೋನು ಬರಲಿಲ್ಲ.

ಬಂದದ್ದು ಸಾಹೇಬರು. ಏಳು ಗಂಟೆಯ ಹೊತ್ತಿಗೆ ಮಹಡಿ ಹತ್ತಿ ಬಂದು, "ಡೈರಿ ಕೊಡು," ಎಂದರು. ಓದಿದರು. "ಐದು ಐವತ್ತೆಂಟು ಅಂತ ಬರೆದಿದೀಯ. ನಾನು ಹೇಳಿದ್ದು ಐದೂವರೆಗೆ."

"ಇಲ್ಲ ಸಾರ್. ಗಡಿಯಾರ ನೋಡೇ ಬರೆದೆ."

"ಗಾಬರೀಲಿ ತಪ್ಪಾಗಿರುತ್ತೆ. ಹೊಸ ಪುಟದಲ್ಲಿ ನೀಟಾಗಿ ಬರಿ. ಸುದ್ದಿ ಬಂದದ್ದು ಐದೂವರೆಗೆ, ನಾನು ಹೇಳೋದು ತಡ ಮಾಡಿದೆ ಅಂತ. ಹೊಸಬಳು, ನಿನಗೆ ಯಾರೂ ಏನೂ ಮಾಡಲ್ಲ. ವರ್ಷದೊಳಗೆ ಕಾಯಂ ಮಾಡಿಸೋದು ನನ್ನ ಜವಾಬ್ದಾರಿ."

ಇಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ಯೋಚನೆ ಮಾಡ್ತೀನಿ ಸಾರ್," ಅಂದೆ. ಸೋಮವಾರದ ತನಕ ಟೈಮು ಕೊಟ್ಟರು.

ಮಾರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ತಿಪಟೂರಿಗೆ ಹೋದೆ. ಭಾನುವಾರ, ಅಂಗಡಿ ಮುಚ್ಚಿತ್ತು. ಅಪ್ಪ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಗಾಳಿಗೆ ಹಿತ್ತಲಲ್ಲಿ ತೆಂಗಿನ ಮಟ್ಟೆಗಳು ಧೊಪ್ಪನೆ ಬೀಳುತ್ತಿದ್ದವು.

"ಕಾಲು ಹೋದದ್ದು ಹೋಯ್ತು ಕಣಮ್ಮ," ಎಂದರು ಅಪ್ಪ. "ನೀನು ಐವತ್ತೆಂಟು ಅಂದ್ರೂ ಬರಾಕಿಲ್ಲ, ಮೂವತ್ತು ಅಂದ್ರೂ ಬರಾಕಿಲ್ಲ. ದೊಡ್ಡೋರ ಎದುರು ಹಾಕ್ಕೊಂಡು ಏನ್ ಮಾಡ್ತೀಯ. ಬರ್ದುಕೊಟ್ಬುಡು."

ಅಪ್ಪ ಕೆಟ್ಟವರಲ್ಲ. ಆದರೆ ಅವರ ದನಿಯಲ್ಲಿ ಒಂಚೂರು ಖುಷಿಯಿತ್ತು. ಕಾಯಂ ಎಂಬ ಪದ ಅವರ ಕಿವಿಯಲ್ಲಿ ಕೂತುಬಿಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು. ಒಳಗೆ ಅಟ್ಟದಿಂದ ಕೊಬ್ಬರಿಗೆ ಬಲಿತ ಕಾಯಿಗಳನ್ನು ಇಳಿಸುತ್ತಿದ್ದ ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು.

"ಫೋನು ಬಂದಾಗ ಎಷ್ಟು ಗಂಟೆ ಆಗಿತ್ತೇ?"

"ಐದು ಐವತ್ತೆಂಟು."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

"ಹಂಗಾದ್ರೆ ಅದ್ನೇ ಬರಿ. ಇದರಲ್ಲಿ ಕೇಳಾದೇನೈತೆ," ಎಂದು ಮತ್ತೆ ಒಳಗೆ ಹೋದಳು. ಅಪ್ಪ ಒಂದು ವಾರ ನನ್ನ ಹತ್ತಿರವೂ ಅವಳ ಹತ್ತಿರವೂ ಮಾತು ಬಿಟ್ಟರು.

ಸೋಮವಾರ ಹೋಗಿ, ಬರೆಯುವುದಿಲ್ಲ ಎಂದೆ. ಸಾಹೇಬರು ಬೈಯಲಿಲ್ಲ. ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ನೆನಪಿದೆ.

ಶ್ರಾವಣದಲ್ಲಿ ವಿಚಾರಣೆ ನಡೆಯಿತು. ಮೇಜಿನಾಚೆ ಮೂವರು ಅಧಿಕಾರಿಗಳು. ಸಾಹೇಬರು ನನ್ನ ಮುಂದೆಯೇ, "ಹುಡುಗಿ ಹಳ್ಳಿ ಕಡೆಯವಳು, ಸ್ವಲ್ಪ ಗಾಬರಿ ಸ್ವಭಾವ," ಎಂದರು. ಡೈರಿ ತಂದರು. ಅವತ್ತಿನ ಪುಟ ಇರಲಿಲ್ಲ. ಹರಿದ ಅಂಚು ಕೂಡ ಕಾಣದ ಹಾಗೆ ಬ್ಲೇಡಿನಲ್ಲಿ ತೆಗೆದಿದ್ದರು. ನನ್ನ ಮಾತಿಗೆ ಆಧಾರವೇ ಉಳಿಯಲಿಲ್ಲ. ಆಗ ಬಾಗಿಲ ಹತ್ತಿರ ನಿಂತಿದ್ದ ಖಲೀಲ್ ಸಾಹೇಬರು ಕೈಯೆತ್ತಿ, "ನಾನು ಅಲ್ಲೇ ಇದ್ದೆ ಸಾರ್. ಫೋನು ಬಂದಾಗ ಐದು ಐವತ್ತೆಂಟು. ಹನ್ನೆರಡೇ ನಿಮಿಷ ಇದೆ ಅಂತ ಈಯಮ್ಮ ಹೇಳಿದ್ದೂ ಕೇಳಿಸಿಕೊಂಡಿದೀನಿ," ಎಂದರು. ಯಾರೂ ಅವರನ್ನು ಕರೆದಿರಲಿಲ್ಲ. ಆ ತಿಂಗಳ ಕೊನೆಗೆ ಅವರ ಗುತ್ತಿಗೆ ಹೋಯಿತು. ಆಮೇಲೆ ಅವರು ತಿಪಟೂರಿಗೇ ಬಂದು ರೇಡಿಯೋ ರಿಪೇರಿ ಅಂಗಡಿ ಹಾಕಿದರು. "ನಿಮ್ಮಿಂದ ಊರು ಸೇರಿದೆ ಬಿಡಮ್ಮ," ಅನ್ನುತ್ತಿದ್ದರು. ಅವರಿಗೆ ನಾಲ್ಕು ಜನ ಮಕ್ಕಳಿದ್ದರು.

ಎರಡು ವಾರದ ನಂತರ ನನ್ನ ಕೈಗೆ ಎರಡು ಕಾಗದ ಬಂದವು. ಒಂದರಲ್ಲಿ ಮುಂದಿನ ತಿಂಗಳಿಂದ ನನ್ನ ಸೇವೆ ಬೇಕಾಗಿಲ್ಲ ಎಂದಿತ್ತು. ಇನ್ನೊಂದು ವಿಚಾರಣೆಯ ತೀರ್ಮಾನದ ಪ್ರತಿ. ಓದಿದೆ. ನಾನು ತಡ ಮಾಡಿದೆ ಎಂದು ಎಲ್ಲೂ ಇರಲಿಲ್ಲ. ನಿಜ ಹೇಳುತ್ತೇನೆ, ಮೊದಲು ನನಗಾದದ್ದು ಸಮಾಧಾನ. ಉಸಿರು ಬಿಟ್ಟೆ. ಎರಡನೇ ಸಲ ಓದಿದಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಸಾಹೇಬರೂ ತಪ್ಪು ಮಾಡಿರಲಿಲ್ಲ. ಯಾರೂ ಮಾಡಿರಲಿಲ್ಲ. ನಿಯಮ ಮೀರಿ ಹಳಿ ದಾಟಿದ್ದು ಪ್ರಯಾಣಿಕನದೇ ತಪ್ಪು, ಅಪಘಾತಕ್ಕೆ ಅವನೇ ಪೂರ್ತಿ ಕಾರಣ ಎಂದಿತ್ತು. ನಾವಿಬ್ಬರೂ ಆ ಕೋಣೆಯಲ್ಲಿ ತಪ್ಪನ್ನು ಅತ್ತಿತ್ತ ಎಳೆದಾಡುತ್ತಿದ್ದಾಗ, ಅದನ್ನು ಆ ಕೋಣೆಯಲ್ಲೇ ಇಲ್ಲದ, ಆಸ್ಪತ್ರೆಯಲ್ಲಿ ಮಲಗಿದ್ದವನ ತಲೆಗೆ ಕಟ್ಟಿದ್ದರು. ಅದನ್ನು ಓದಿ ನಾನು ಉಸಿರು ಬಿಟ್ಟಿದ್ದೆ.

ದಸರಾ ಕಳೆದ ಮೇಲೆ ಶೆಟ್ಟಿಕೆರೆಗೆ ಬಸ್ಸು ಹತ್ತಿದೆ. ಸಿದ್ದಪ್ಪನ ಮನೆ ಕೇಳಿದ್ದಕ್ಕೆ, ಬಸ್‌ಸ್ಟಾಂಡಿನ ಟೀ ಅಂಗಡಿಯವನು, "ರೈಲಿಗೆ ಅಡ್ಡ ಹೋದ್ನಲ್ಲ ಆ ಅವಸರಗೇಡಿ ಮನೆಯಾ," ಎಂದು ದಾರಿ ತೋರಿಸಿದ. ಊರು ಆಗಲೇ ಅವನಿಗೆ ಹೆಸರಿಟ್ಟಿತ್ತು.

ಹೊನ್ನಮ್ಮ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. "ಸಿದ್ದಪ್ಪನವರ ಮನೆ ಇದೇನಾ? ನಾನು ತಿಪಟೂರಿನಿಂದ ಬಂದಿದೀನಿ," ಎಂದೆ ಅಷ್ಟೇ. ಅವಳ ಕೈಯಲ್ಲಿ ಮೊರ ನಿಂತಿತು. ನನ್ನ ಮುಖವನ್ನಲ್ಲ, ಬಾಯನ್ನು ನೋಡಿದಳು.

"ನಿನ್ ದನಿ ಅಲ್ವಾ ಅದು?"

ಹೌದೆಂದು ತಲೆಯಾಡಿಸಿದೆ.

"ತಿಪಟೂರಿಗೆ ಹೋಗೋರು ಆರನೇ ಪ್ಲಾಟ್‌ಫಾರಂಗೆ ಹೋಗಿ ಅಂದೋಳು ನೀನೇ."

"ನಾನೇ ತಾಯಿ."

"ಎಷ್ಟ್ ಚೆಂದಾಗಿ ಹೇಳ್ದೆ," ಎಂದಳು. ಅವಳು ಕಿರುಚಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಳಗೆ ಮಾತು ನಡೆಯಿತು. ಆಮೇಲೆ ಬಾಗಿಲು ತೆಗೆದವನು ಸಿದ್ದಪ್ಪ, ಎರಡು ಕೋಲು ಊರಿಕೊಂಡು. ಅಗಲವಾದ ಎದೆ, ಮರ ಅಪ್ಪಿ ಅಪ್ಪಿ ಕಾಯಿಕಟ್ಟಿದ ತೋಳು. ಪಂಚೆ ಬಲಗಡೆ ಮಡಿಸಿ ಕಟ್ಟಿತ್ತು. ಅವನು ಕೇಳಿದ ಮೊದಲ ಮಾತು ಇದು:

"ನನ್ನಿಂದ ನಿನ್ ಕೆಲ್ಸ ಹೋಯ್ತಂತಲ್ಲವ್ವ. ಪೋಲೀಸಿನೋರು ಅಂದ್ರು. ತಪ್ಪಾಯ್ತು ಕಣವ್ವ."

ಕಾಲು ಕಳೆದುಕೊಂಡವನು ನನ್ನ ಕ್ಷಮೆ ಕೇಳುತ್ತಿದ್ದ. ಹೇಳಿಕೆ ಬರೆಸಿಕೊಳ್ಳಲು ಬಂದಿದ್ದ ಪೇದೆ ನಿನ್ನದೇ ತಪ್ಪು ಎಂದು ತಿಳಿಸಿ ಹೋಗಿದ್ದ. ಇವನು ಅದನ್ನು ನಂಬಿ ಕೂತಿದ್ದ. ನನ್ನ ಆಯುಷ್ಯದಲ್ಲಿ ಅಷ್ಟು ಸಿಟ್ಟು ನನಗೆ ಬಂದದ್ದಿಲ್ಲ. ಯಾರ ಮೇಲೆ ತೋರಿಸಲಿ? ಅವನ ಮೇಲೇ ರೇಗಿದೆ.

"ನಿಮ್ಮದೇನು ತಪ್ಪು? ಹೊಲಿಗೆ ಹಾಕಿಸಿಕೊಂಡಿರೋ ಹೆಂಡ್ತೀನ ಎತ್ತಿಕೊಂಡು ಹೋಗಿದ್ದು ತಪ್ಪಾ? ಹನ್ನೆರಡು ನಿಮಿಷ ಕೊಟ್ಟೋರು ಯಾರು ಗೊತ್ತಾ ನಿಮಗೆ?" ಎಂದು ಬಾಗಿಲಲ್ಲೇ ನಿಂತು ಫೋನು, ಸ್ಪೆಷಲ್ ಡಬ್ಬಿ, ಆರು ನಲವತ್ತಕ್ಕೆ ಹೊರಟ ರೈಲು, ಡೈರಿಯ ಪುಟ ಎಲ್ಲ ಹೇಳಿದೆ. ಹಳಿ ದಾಟಬೇಡಿ ಎಂದು ಮೈಕಿನಲ್ಲಿ ನಾನು ಹೇಳದೇ ಬಿಟ್ಟ ಮಾತನ್ನೂ ಹೇಳಿದೆ. ಒಳಗಿಂದ ಹೊನ್ನಮ್ಮ ಬಂದು ಗೋಡೆಗೊರಗಿ ಕೇಳಿದಳು. ಆರು ನಲವತ್ತು ಎಂದಾಗ, "ಇನ್ನೊಂದ್ಸಲ ಹೇಳು," ಎಂದಳು. ಹೇಳಿದೆ.

"ಕಾಯ್ಕೊಂಡು ನಿಂತಿತ್ತಾ ಅದು," ಎಂದಳು. ಆಮೇಲೆ, "ಬರ್ಕೋ. ನಾನೂ ಹೆಬ್ಬೆಟ್ಟು ಒತ್ತೀನಿ," ಎಂದಳು.

ಮೇಲಿನ ಅಧಿಕಾರಿಗಳಿಗೆ ಅರ್ಜಿಯನ್ನು ನಾನೇ ಕನ್ನಡದಲ್ಲಿ ಬರೆದೆ. ತಿಪಟೂರಿನ ಒಬ್ಬ ವಕೀಲರು ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. ಸಿದ್ದಪ್ಪ ಸಹಿ ಹಾಕಿದ, ಹೊನ್ನಮ್ಮ ಹೆಬ್ಬೆಟ್ಟು ಒತ್ತಿದಳು, ಖಲೀಲ್ ಸಾಹೇಬರು ಅಂಗಡಿಯಲ್ಲಿ ಬಿಚ್ಚಿಟ್ಟ ರೇಡಿಯೋಗಳ ನಡುವೆ ಜಾಗ ಮಾಡಿಕೊಂಡು ತಮ್ಮ ಹೇಳಿಕೆ ಬರೆದುಕೊಟ್ಟರು. ಅಪ್ಪ ಮಾತ್ರ ಅಂಗಡಿಗೆ ಬಂದ ಗಿರಾಕಿಗಳ ಮುಂದೆ, ಮಗಳು ಕೋರ್ಟು ಕಚೇರಿ ಅಂತ ಹೊರಟಿದ್ದಾಳೆ ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಉತ್ತರವಿಲ್ಲ. ಪ್ರತಿ ತಿಂಗಳೂ ಒಂದು ನೆನಪೋಲೆ ಹಾಕಿದೆ. ನನ್ನ ಅಕ್ಷರ ಕಂಡರೆ ಅಲ್ಲಿನ ಗುಮಾಸ್ತರು ನಿಟ್ಟುಸಿರು ಬಿಡಬೇಕು, ಅಷ್ಟು ಹಾಕಿದೆ.

ಮತ್ತೆ ಆಷಾಢದ ಗಾಳಿ ಎದ್ದಾಗ ಒಂದು ಕಾಗದ ಬಂತು. ಹಿಂದಿನ ತೀರ್ಮಾನವನ್ನು ಮತ್ತೆ ನೋಡಲಾಗಿದೆ, ಪ್ಲಾಟ್‌ಫಾರಂ ಬದಲಾವಣೆಗೆ ಸಾಕಷ್ಟು ಸಮಯ ಕೊಟ್ಟಿರಲಿಲ್ಲ, ಆದ್ದರಿಂದ ಪ್ರಯಾಣಿಕನೇ ಕಾರಣ ಎಂಬ ಮಾತನ್ನು ತೆಗೆಯಲಾಗಿದೆ ಎಂದಿತ್ತು. ಪರಿಹಾರಕ್ಕೆ ಬೇರೆ ಅರ್ಜಿ ಹಾಕಬೇಕಂತೆ. ಸಮಯ ಕೊಡದವರು ಯಾರು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ.

ಶೆಟ್ಟಿಕೆರೆಗೆ ಹೋಗಿ ಓದಿ ಹೇಳಿದೆ. ಸಿದ್ದಪ್ಪ ಈಗ ಗರಿಯಿಂದ ಕಡ್ಡಿ ಬಿಡಿಸಿ ಪೊರಕೆ ಕಟ್ಟುತ್ತಿದ್ದ. ಕೇಳಿ ಮುಗಿದ ಮೇಲೆ, "ಆ ಸಾಹೇಬ ಇದನ್ನ ಓದವ್ನಾ?" ಎಂದ.

"ಗೊತ್ತಿಲ್ಲ."

"ಓದ್ಸವ್ವ," ಎಂದ.

ಸಾಹೇಬರಿಗೆ ಅಷ್ಟರಲ್ಲಿ ಬಡ್ತಿಯಾಗಿತ್ತು. ವಿಳಾಸ ಹುಡುಕಿ, ಒಂದು ಭಾನುವಾರ ಬೆಳಿಗ್ಗೆ ಅವರ ಕ್ವಾರ್ಟರ್ಸಿಗೆ ಹೋದೆ. ವೆರಾಂಡದಲ್ಲಿ ಕಾಫಿ ಕುಡಿಯುತ್ತಿದ್ದರು. ಹೆಂಡತಿ ಪಕ್ಕದಲ್ಲಿ ಹೂ ಕಟ್ಟುತ್ತಿದ್ದರು, ಕಾಲೇಜಿಗೆ ಹೋಗುವ ಮಗಳು ಮೆಟ್ಟಿಲ ಮೇಲೆ ಓದುತ್ತ ಕೂತಿದ್ದಳು. ನನ್ನ ಗುರುತು ಅವರಿಗೆ ಸಿಗಲಿಲ್ಲ. ಸಿದ್ದಪ್ಪನವರ ವಿಷಯವಾಗಿ ಬಂದಿದೀನಿ ಎಂದೆ.

"ಯಾವ ಸಿದ್ದಪ್ಪ?" ಎಂದರು. ನಟನೆಯಲ್ಲ. ನಿಜವಾಗಿಯೂ ನೆನಪಿರಲಿಲ್ಲ.

ಕಾಗದವನ್ನು ಕೈಗೆ ಕೊಟ್ಟೆ. ಓದುತ್ತ ಹೋದಂತೆ ಗುರುತು ಹತ್ತಿತು. ಮಡಿಸಿ ವಾಪಸು ಕೊಡುತ್ತ, "ಆಯ್ತಲ್ಲ, ಇನ್ನೇನು?" ಎಂದರು. ಏನು ಹೇಳಬೇಕೆಂದು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಮಗಳು ಪುಸ್ತಕ ಮುಚ್ಚಿ, "ಏನಪ್ಪಾ ಅದು?" ಎಂದಳು. ಅವರು ಕಾಫಿ ಲೋಟ ಎತ್ತಿಕೊಂಡರು. ನಾನು ಗೇಟು ತೆಗೆದು ಹೊರಟೆ.

ಮರುದಿನವೇ ಶೆಟ್ಟಿಕೆರೆಗೆ ಹೋದೆ. ಇಬ್ಬರೂ ಮನೆ ಮುಂದೆ ಕೂತಿದ್ದರು.

"ಓದುದ್ನಾ?" ಎಂದ ಸಿದ್ದಪ್ಪ.

"ಓದಿದರು. ಮೊದಲು ಯಾವ ಸಿದ್ದಪ್ಪ ಅಂದರು."

ಹೊನ್ನಮ್ಮ ತಲೆ ಬೇರೆ ಕಡೆ ತಿರುಗಿಸಿದಳು. ಸಿದ್ದಪ್ಪ ಗರಿಯ ಮೇಲಿನ ಕೈ ತೆಗೆಯದೆ, "ನೀನೇನಂದೆ?" ಎಂದು ಕೇಳಿದ.

"ಶೆಟ್ಟಿಕೆರೆ ಸಿದ್ದಪ್ಪ, ಮರ ಹತ್ತಿ ಕಾಯಿ ಕೀಳುತ್ತಿದ್ದವರು, ನಿಮ್ಮ ಫೋನಿನಿಂದ ಕಾಲು ಹೋದವರು, ಆಮೇಲೆ ತಪ್ಪನ್ನೂ ನೀವು ಅವರ ಮೇಲೇ ಹೊರಿಸಿದಿರಿ ಅಂದೆ. ಹೆಂಡತಿ, ಮಗಳು ಅಲ್ಲೇ ಇದ್ದರು."

"ಮಗಳು ಎಷ್ಟ್ ದೊಡ್ಡೋಳು?"

"ಕಾಲೇಜಿಗೆ ಹೋಗ್ತಾಳೆ."

ಸಿದ್ದಪ್ಪ ಒಂದು ಗರಿ ಸೀಳಿ ಕಡ್ಡಿ ಬಿಡಿಸಿದ.

"ಹಂಗಾದ್ರೆ ಅವ್ಳು ನೆಪ್ಪಿಟ್ಕತಾಳೆ ಬುಡು," ಎಂದ.